ಒಂದೇ ಅಚ್ಚಿನ ಮೂರು ದೋಣಿಗಳು

ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಹೆಂಡತಿ ಹಾಕಿದರೆ ಅಂಚು ವಾರೆಯಾಗುತ್ತದೆ, ನನಗೆ ಅದು ಕಣ್ಣಿಗೆ ಚುಚ್ಚುತ್ತದೆ. ಮೇಲೊಂದು ತಂತಿ, ಕೆಳಗೊಂದು ತಂತಿ, ಧೋತರದ ನಾಲ್ಕೂ ಮೂಲೆಗೆ ಕ್ಲಿಪ್ಪು. ಅದಕ್ಕೂ ಮೊದಲು ಹನಿ ನೀರು ಉಳಿಯದಂತೆ ಹಿಂಡಬೇಕು. ನೌಕಾದಳದಲ್ಲಿ ಕಲಿತ ಈ ಶಿಸ್ತನ್ನು ರಾಯಚೂರಿಗೆ ಬಂದು ಡ್ರಿಲ್ ಮಾಸ್ತರನಾಗಿ ನಿವೃತ್ತನಾದ ಮೇಲೂ ಬಿಟ್ಟಿಲ್ಲ. ಆದರೆ ಮೊನ್ನೆ ಮಣಿಕಟ್ಟು ನೋಯುತ್ತಿತ್ತು. ಹಿಂಡದೆ, ನೀರು ಸೋರುವ ಧೋತರವನ್ನು ಹಾಗೆಯೇ ತಂತಿಗೆ ಹಾಕಿದೆ.

ತಿರುಗಿ ನೋಡಿದರೆ ಧೋತರ ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ತಂತಿ ಕಟ್ಟಿದ ಬಿದಿರಿನ ಗಳ ಬಾಗಿತ್ತು. ಪಕ್ಕದಲ್ಲಿ ಮುಂಜಾನೆ ಹಾಕಿ ಆಗಲೇ ಒಣಗಿದ್ದ ಇನ್ನೊಂದು ಧೋತರ, ಅದೇ ಅಂಗಡಿಯದು, ಅದೇ ಅಳತೆಯದು, ಸೋಮಾರಿಯಂತೆ ಅಲುಗಾಡುತ್ತಿತ್ತು. ನನ್ನ ಜಾಗದಲ್ಲಿ ನೀವಿದ್ದರೆ ಕೆಳಗಿಳಿದು ಹೋಗಿ ಚಹಾ ಕುಡಿಯುತ್ತಿದ್ದಿರೇನೋ. ನಾನು ಮೊದಲು ಗಳದ ಮೇಲೆ ಸಂಶಯಪಟ್ಟೆ, ಆಮೇಲೆ ಪಕ್ಕದ ಮನೆಯವರ ಮೇಲೆ, ಕೊನೆಗೆ ಗಾಳಿಯ ಮೇಲೆ. ಅಷ್ಟರಲ್ಲಿ ಎಷ್ಟೋ ವರ್ಷ ನೆನಪಿಗೇ ಬಾರದಿದ್ದ ಮಲ್ಲಪ್ಪ ಎದುರಿಗೆ ಬಂದು ನಿಂತ ಹಾಗಾಯಿತು.

ಸಂಶಯಪಡುವುದು ಒಂದು ಕಾಲಕ್ಕೆ ನನ್ನ ಹುದ್ದೆಯೇ ಆಗಿತ್ತು. ಎಪ್ಪತ್ತರ ದಶಕದಲ್ಲಿ, ಎಮ್ಮೆಗಳು ಮೈ ತೊಳೆಸಿಕೊಳ್ಳುತ್ತಿದ್ದ ರಾಯಚೂರಿನ ಕೆರೆಯಲ್ಲಿ ಹಾಯಿದೋಣಿಗಳ ಪಂದ್ಯ ನಡೆಯುತ್ತಿತ್ತು ಎಂದರೆ ಇಂದು ಯಾರೂ ನಂಬುವುದಿಲ್ಲ. ನಡೆಸಿದವನು ನಾನು. ನೌಕಾದಳದಲ್ಲಿದ್ದಾಗ ಬಂದರಿನಲ್ಲಿ ಒಂದು ಜಾತಿಯ ಸಣ್ಣ ದೋಣಿಗಳನ್ನು ನೋಡಿದ್ದೆ. ಎಲ್ಲವೂ ಒಂದೇ ಅಚ್ಚಿನವು. ಹಲಗೆ, ಹಾಯಿ, ತೂಕ ಯಾವುದರಲ್ಲೂ ಕೂದಲೆಳೆಯ ಭೇದವಿಲ್ಲ. ಸೋತವನು ದೋಣಿಯನ್ನು ಬೈಯುವಂತಿಲ್ಲ, ತನ್ನ ಕೈಯನ್ನೇ ಬೈದುಕೊಳ್ಳಬೇಕು. ಸಂಶಯಕ್ಕೆ ಎಡೆಯಿಲ್ಲದ ಆಟ ಲೋಕದಲ್ಲಿ ಇದೊಂದೇ ಎಂದು ಆಗಲೇ ತೀರ್ಮಾನಿಸಿದ್ದೆ.

ಊರಿಗೆ ಬಂದ ಮೇಲೆ ಅಕ್ಕಿ ಗಿರಣಿಯ ಸಾಹುಕಾರ ಶರಣಬಸಪ್ಪನವರ ಹತ್ತಿರ ಹೋದೆ. ಮರ ಅವರದು, ಅಚ್ಚು ನನ್ನದು ಎಂದೆ.

"ಹಡಗ ಕಟ್ಟಿ ಎಲ್ಲಿಗಿ ಹೊಂಟೀರಿ ಮಾಸ್ತರ, ಹೊಳಿ ಇಲ್ಲದ ಯರಗೇರಾಕ್ಕೇನು?" ಎಂದು ನಕ್ಕರು. ನಕ್ಕರೂ ಮರ ಕೊಟ್ಟರು.

ಗಿರಣಿಯ ಅಂಗಳದಲ್ಲಿಯೇ ಒಬ್ಬ ಬಡಿಗೇರ ಮೂರೂ ದೋಣಿಗಳನ್ನು ಮಾಡಿದ. ದಪ್ಪ ಮಾದರಪಾಟ ಬಟ್ಟೆಯ ಒಂದೇ ಥಾನಿನಿಂದ ಮೂರೂ ಹಾಯಿಗಳನ್ನು ಹೊಲಿಸಿದೆ. ಒಂದು ದೋಣಿ ಸಾಹುಕಾರರ ಹುಡುಗರಿಗೆ, ಒಂದು ದೇವದುರ್ಗಕ್ಕೆ, ಒಂದು ಮಾನ್ವಿಗೆ. ಕೆರೆ ತುಂಬಿದಾಗ ಹೊರಗಿನ ಎರಡೂ ದೋಣಿಗಳು ಚಕ್ಕಡಿಯ ಮೇಲೆ ರಾಯಚೂರಿಗೆ ಬರುತ್ತಿದ್ದವು. ನೀರಿಗಿಳಿಯುವ ಮೊದಲು ಹಾಯಿಗಂಬ, ಚುಕ್ಕಾಣಿ, ತಳ ಎಲ್ಲವನ್ನೂ ಟೇಪು ಹಿಡಿದು ಅಳೆಯುತ್ತಿದ್ದೆ. ಚೀಲ ತೂಗುವ ಗಿರಣಿಯ ತಕ್ಕಡಿಗೆ ದೋಣಿಗಳನ್ನು ಹತ್ತಿಸುತ್ತಿದ್ದೆ.

"ನನ್ನ ಭತ್ತಕ್ಕೂ ಇಷ್ಟು ನ್ಯಾಯ ಸಿಕ್ಕಿಲ್ಲ ಬಿಡ್ರಿ" ಎನ್ನುತ್ತಿದ್ದರು ಸಾಹುಕಾರರು.

ಇಷ್ಟಾದರೂ ಪ್ರತಿ ಸಲ ಗೆಲ್ಲುತ್ತಿದ್ದದ್ದು ಮಾನ್ವಿಯ ದೋಣಿಯೇ. ಅದನ್ನು ನಡೆಸುತ್ತಿದ್ದವನು ಮಾನ್ವಿ ಹತ್ತಿರದ ಕುರ್ಡಿಯ ಮಲ್ಲಪ್ಪ. ಕುರಿ ಸಾಕುವವರ ಮನೆಯವನು, ಅಲ್ಲಿಯವರೆಗೆ ಬಾವಿಗಿಂತ ದೊಡ್ಡ ನೀರಿಗೆ ಇಳಿದವನಲ್ಲ. ದೇವದುರ್ಗದ ಕಡೆಯವರಾದರೋ ಕೃಷ್ಣೆಯ ಹೊಳೆಯಲ್ಲಿ ಹರಿಗೋಲು ಹಾಕುವ ಅಂಬಿಗರ ಹುಡುಗರು. ಕುರಿ ಕಾಯುವವನ ಎದುರು ಸೋಲುವುದು ಅವರಿಗೆ ನುಂಗಲಾರದ ತುತ್ತಾಗಿತ್ತು.

"ಲೇ ಮಲ್ಲ್ಯಾ, ನೀರೊಳಗ ದೋಣಿಗಿ ಟಗರು ಕಟ್ಟೀಯೇನೋ?"

"ಹೂಂನೋ, ಕಟ್ಟೀನಿ. ನೀವೂ ಒಂದು ಕಟ್ರಿ, ಯಾರು ಬ್ಯಾಡಂದಾರ?"

ಅವನದೊಂದು ಪದ್ಧತಿ ಇತ್ತು. ಹೊಸ ಹುಲ್ಲು ಹುಡುಕಿ ಕುರಿಹಿಂಡು ಹೊರಡುವಾಗ ಅವರ ಮನೆಯಲ್ಲಿ ಕುರಿ, ನಾಯಿ, ಕಂಬಳಿ ಎಲ್ಲದರ ಮೇಲೂ ಬೇವಿನ ಟೊಂಗೆಯಿಂದ ನೀರು ಚಿಮುಕಿಸಿ ಕಳಿಸುತ್ತಾರಂತೆ. ಮಲ್ಲಪ್ಪ ಅದನ್ನು ದೋಣಿಗೂ ಮಾಡುತ್ತಿದ್ದ. ಕೊಡದ ತುಂಬ ಕೆರೆಯ ನೀರು ತಂದು, ಏನೋ ಗುನುಗುತ್ತ, ಮೂತಿಯಿಂದ ಹಾಯಿಯ ತುದಿಯವರೆಗೆ ತೊಟ್ಟಿಕ್ಕುವಂತೆ ಚಿಮುಕಿಸುತ್ತಿದ್ದ. ಕಾಟನ್ನಿನ ಹಾಯಿ ಕೊಳೆಯುತ್ತದೆಂದು ಉಳಿದವರು ತಮ್ಮದನ್ನು ನೀರಿಗೆ ತಾಗಿಸುತ್ತಿರಲಿಲ್ಲ. ನಾವೆಲ್ಲ ಮಲ್ಲಪ್ಪನ ಕೈ ನೋಡಿದೆವು, ಸೊಂಟ ನೋಡಿದೆವು, ತುಟಿ ನೋಡಿದೆವು.

ಎಂಬತ್ತರ ದಶಕದ ಮೊದಲಲ್ಲಿ ಸಾಹುಕಾರರ ಸಹನೆ ಮುಗಿಯಿತು. ಪಂದ್ಯದ ದಿನ ಬಡಿಗೇರನನ್ನು ಗರಗಸದ ಸಮೇತ ಕರೆತಂದರು.

"ಇದರ ತಳಾ ಕೊಯ್ಸಿ ನೋಡೋಣ್ರಿ ಮಾಸ್ತರ. ಒಳಗ ಏನೋ ಅದ."

ಮಲ್ಲಪ್ಪ ದೋಣಿಗೆ ಅಡ್ಡ ನಿಲ್ಲಲಿಲ್ಲ, ಪಕ್ಕಕ್ಕೆ ಸರಿದ. "ಕೊಯ್ಸ್ರಿ ಸಾಹುಕಾರ್ರೀ. ಏನೂ ಸಿಗಲಿಲ್ಲಂದ್ರ ಹಲಗಿ ಮತ್ತ ಕೂಡಿಸ್ತೀರಿ. ಕಳ್ಳ ಅಂದ ಮಾತು ಹೆಂಗ ತಿರುಗಿ ತಗೊಂತೀರಿ? ಮಾನ್ವಿ ಸಂತ್ಯಾಗ ನಾ ಹೆಂಗ ಅಡ್ಡಾಡ್ಲಿ?"

ಕೊಯ್ಯುವುದು ಬೇಡ, ದೋಣಿ ಅದಲುಬದಲು ಮಾಡೋಣ ಎಂದೆ. ಮಲ್ಲಪ್ಪ ರಾಯಚೂರಿನ ದೋಣಿ ಹತ್ತಿದ, ಸಾಹುಕಾರರ ಹುಡುಗರು ಅವನದನ್ನು ಹತ್ತಿದರು. ಮಲ್ಲಪ್ಪ ಆ ದೋಣಿಗೂ ನೀರು ಚಿಮುಕಿಸಿ ಹೊರಟ, ಗೆದ್ದ. ಗರಗಸ ಗಿರಣಿಗೆ ಮರಳಿತು. ಸಂಶಯ ಮಾತ್ರ ಹಲಗೆಯಿಂದ ಎದ್ದು ಅವನ ತುಟಿಯ ಮೇಲೆ ಹೋಗಿ ಕುಳಿತಿತು.

"ಮಂತ್ರ ಹಾಕಿ ಗೆಲ್ಲೋದಾದ್ರ ನನ್ನ ಕಟ್ಟಿಗಿ ನನಗ ಕೊಡ್ರಿ" ಎಂದರು ಸಾಹುಕಾರರು. "ಮೂರೂ ಒಡದು ಒಲಿಗಿ ಹಾಕ್ತೀನಿ. ಭತ್ತರ ಕುದೀತದ."

ಮಂತ್ರದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ನಿಯಮದಲ್ಲಿದೆ. ಒಬ್ಬರಿಗೆ ಇದ್ದದ್ದು ಎಲ್ಲರಿಗೂ ಇರಬೇಕು. ಮುಂದಿನ ಸಲದಿಂದ ಮೂರೂ ದೋಣಿಗಳಿಗೆ ಒಂದೇ ಬಗೆಯ ಪೂಜೆ ಎಂದು ಆಜ್ಞೆ ಮಾಡಿದೆ. ತಲಾ ಒಂದು ಕೊಡ ನೀರು, ಒಂದೇ ಮರದ ಬೇವಿನ ಟೊಂಗೆ, ಮೂತಿಯಿಂದ ಹಾಯಿಯ ತುದಿಯವರೆಗೆ. ಕೊಡಗಳನ್ನೂ ನಾನೇ ಅಳೆದು ಇಟ್ಟೆ. ಮಲ್ಲಪ್ಪನಿಗೆ ನಗು ತಡೆಯಲಾಗಲಿಲ್ಲ.

"ಬಾಯಾಗಿನ ಮಾತೂ ಹೇಳಿಕೊಡ್ತೀನ್ರಿ. 'ಹೋಗಿ ಬಾ' ಅಂತೀನಿ, ಅಷ್ಟ."

ಸಾಹುಕಾರರಿಗೆ ಅದರಲ್ಲೂ ಸಂಶಯ. ಏನೋ ಮುಚ್ಚಿಡುತ್ತಿದ್ದಾನೆಂದು ತಮ್ಮ ಹುಡುಗರಿಗೆ 'ಹೋಗಿ ಬಾ' ಎಂದು ಜೋರಾಗಿ ಮತ್ತೆ ಮತ್ತೆ ಹೇಳಿಸಿದರು.

ಆ ಪಂದ್ಯದಲ್ಲಿ ಮೂರೂ ದೋಣಿಗಳು ಒಂದಕ್ಕೊಂದು ಅಂಟಿಕೊಂಡಂತೆ ಹೋಗಿ, ಅಂಟಿಕೊಂಡಂತೆ ಬಂದವು. ಕೊನೆಯ ಗಳಿಗೆಯಲ್ಲಿ ಅಂಬಿಗರ ಹುಡುಗರು ಮುಂದಾದರು. ಮಲ್ಲಪ್ಪ ಸೋತ.

"ನೋಡ್ರಿ, ಮಂತ್ರ ಹಂಚಿದ ಕೂಡ್ಲೆ ಅದರ ಶಕ್ತಿ ಹೋತು" ಎಂದು ಸಾಹುಕಾರರು ಪೇಢೆ ತರಿಸಿದರು. ದೋಣಿಗಳು ಒಲೆಯಿಂದ ಪಾರಾದವು. ಎಲ್ಲರ ಸಂಶಯ ತೀರಿದ ಆ ದಿನವೇ ನನ್ನದು ಹುಟ್ಟಿತು. ಮಂತ್ರವಿಲ್ಲ, ಮೋಸವಿಲ್ಲ ಎಂದ ಮೇಲೆ ಗೆಲ್ಲುತ್ತಲೇ ಇದ್ದವನು ಸೋಲುವುದು ಹೇಗೆ? ದೋಣಿಗಳನ್ನು ಉಳಿಸಲೆಂದು ಬೇಕೆಂತಲೇ ಸೋತಿದ್ದಾನೆ. ಅಳತೆಗೆ ತಲೆಬಾಗಿದ ನನ್ನಂಥವನಿಗೆ ಬೇಕೆಂದು ಸೋಲುವುದೂ ಮೋಸವೇ. ಸಂಜೆ ಅವನನ್ನು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಕರೆದುಕೊಂಡು ಹೋದೆ.

"ಖರೇ ಹೇಳು ಮಲ್ಲಪ್ಪ. ಬೇಕಂತ ಸೋತಿ, ಹೌದಿಲ್ಲೋ?"

"ಇಲ್ರಿ ಮಾಸ್ತರ. ಆ ಹುಡುಗ್ರು ಚಲೋ ನಡೆಸಿದ್ರು. ನನ್ನ ಕೈಲೆ ಆಗಲಿಲ್ಲ."

"ಅಷ್ಟು ಸಲ ಗೆದ್ದಾಂವ ಒಮ್ಮಿಗೇ ಹೆಂಗ ಸೋಲ್ತಿ?"

ಅವನು ಕಪ್ಪು ಕೆಳಗಿಟ್ಟ. "ಗೆದ್ದಾಗ ಅವರು ಕಳ್ಳ ಅಂದ್ರು. ಸೋತಾಗ ನೀವು ಅಂತೀರಿ. ನಾ ಯಾವಾಗ ಖರೇ ಮನಷ್ಯಾ ಇರ್ಲಿ, ಅದನ್ನರ ಹೇಳ್ರಿ."

ಅರ್ಧ ಚಹಾ ಬಿಟ್ಟು ಮಾನ್ವಿ ಬಸ್ಸು ಹತ್ತಿದ. ಆಮೇಲೂ ಪಂದ್ಯಕ್ಕೆ ಬರುತ್ತಿದ್ದ. ಕೆಲವು ಸಲ ಗೆದ್ದ, ಕೆಲವು ಸಲ ಸೋತ. ನನ್ನ ಎದುರು ಮಾತ್ರ ಕೂರಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕೆರೆಯಲ್ಲಿ ಹೂಳು, ಜೊಂಡು ತುಂಬಿ ಪಂದ್ಯವೇ ನಿಂತಿತು. ಮಾನ್ವಿಯ ದೋಣಿಯಲ್ಲಿ ಕುರಿಗಳಿಗೆ ನೀರು ಇಡುತ್ತಾನೆಂದು ಯಾರೋ ಹೇಳಿದರು. ಮದುವೆ ಮುಂಜಿಗಳಲ್ಲಿ ಸಿಕ್ಕರೆ "ಶರಣ್ರೀ" ಎಂದು ಮುಂದೆ ಹೋಗುತ್ತಿದ್ದ.

ಮೊನ್ನೆ ಮಾಳಿಗೆಯ ಮೇಲೆ ನಾನು ಕದಲದೆ ನಿಂತಿದ್ದೆ. ಕೆಳಗಿನಿಂದ ಹೆಂಡತಿ ಕೂಗಿದಳು: "ಧೋತರ ಕಾಯಾಕ ನಿಂತೀರೇನು? ಅದೆಲ್ಲೂ ಓಡಿ ಹೋಗಂಗಿಲ್ಲ ಬರ್ರಿ."

ಬಿಸಿಲಿಗೆ ಹನಿ ನಿಂತಿತು. ಬಟ್ಟೆ ಒಣಗುತ್ತ ಬಂದಂತೆ ಉಬ್ಬಿದ ಹೊಟ್ಟೆ ಇಳಿಯಿತು, ಗಳ ನೆಟ್ಟಗಾಯಿತು. ಎದುರಿನ ಬೇವಿನ ಮರ ಮೊದಲಿನಂತೆಯೇ ತೂಗುತ್ತಿತ್ತು, ಗಾಳಿ ಕಡಿಮೆಯಾಗಿರಲಿಲ್ಲ. ಚೊಂಬಿನಲ್ಲಿ ನೀರು ತಂದು ಎರಚಿದೆ. ಧೋತರ ಮತ್ತೆ ಉಬ್ಬಿತು. ನೆಂದ ನೂಲು ದಪ್ಪಗಾಗಿ ಸಂದು ಮುಚ್ಚುತ್ತದೆ, ಗಾಳಿ ತೂರಿಹೋಗಲಾರದೆ ಬಟ್ಟೆಯನ್ನು ತಳ್ಳುತ್ತದೆ. ನಮ್ಮ ಮಾದರಪಾಟದ ಹಾಯಿಗಳಿಗೂ ಆದದ್ದು ಇದೇ. ಎಲ್ಲವನ್ನೂ ಅಳೆದ ನಾನು ಹಾಯಿಯ ಹಸಿಯನ್ನು ಅಳೆದಿರಲಿಲ್ಲ. ಬಟ್ಟೆಯನ್ನು ಸದಾ ಹಿಂಡಿಯೇ ಹಾಕುತ್ತ ಬಂದ ನನಗೆ ಇದು ಕಣ್ಣಿಗೂ ಬಿದ್ದಿರಲಿಲ್ಲ. ಮೂವರಿಗೂ ನೀರು ಸಿಕ್ಕ ಆ ದಿನವೇ ಮೊದಲ ಸರಿಸಮ ಪಂದ್ಯ ನಡೆದದ್ದು. ಅದರಲ್ಲಿ ಮಲ್ಲಪ್ಪ ಪ್ರಾಮಾಣಿಕವಾಗಿ ಸೋತಿದ್ದ.

ಕೆಳಗಿಳಿದು ಅವನಿಗೆ ಫೋನ್ ಹಚ್ಚಿದೆ. ಅದು ರಿಂಗಾಗುತ್ತಿರುವಾಗ ಹೊಳೆಯಿತು: ನೀರಿನ ಮಾತು ಹೇಳಿದರೆ ಅವನ ಸೋಲು ಖರೆಯಾಗುತ್ತದೆ, ಹಿಂದಿನ ಗೆಲುವುಗಳೆಲ್ಲ ಕೊಡದ ಪಾಲಾಗುತ್ತವೆ.

"ಯಾರ್ರಿ?"

"ಡ್ರಿಲ್ ಮಾಸ್ತರ, ರಾಯಚೂರಿಂದ."

"ಹೇಳ್ರಿ."

"ಅವತ್ತು ನೀ ಖರೇನೇ ಸೋತಿದ್ದಿ."

"ಅವತ್ತೇ ಹೇಳಿದ್ನಲ್ರಿ."

"ಈಗ ನಂಬಿಕಿ ಬಂತು."

"ಈಗ ಯಾಕ ಬಂತ್ರಿ? ಯಾರು ಏನಂದ್ರು?"

"ಯಾರೂ ಏನೂ ಅಂದಿಲ್ಲ. ಸುಮ್ನ ನಂಬೀನಿ."

"ನೀವು? ಸುಮ್ನ ನಂಬೀರಿ?" ಮಲ್ಲಪ್ಪ ಹಳೆಯ ನಗೆ ನಕ್ಕ. "ಇಲ್ರಿ ಮಾಸ್ತರ, ಏನೋ ಅದ. ನಾಳಿಗಿ ಬರ್ತೀನಿ. ನಿಮ್ಮ ಮನಿಗಿ ಬಂದು, ಕೂತು, ಕೇಳ್ತೀನಿ."

"ಬಾ. ನಿಂದು ಅರ್ಧ ಚಹಾ ಉಳದದ" ಎಂದೆ.

ಬಯಲಲ್ಲೇ ಬೆಳೆದ ಮಲ್ಲಪ್ಪ ಬಂದರೆ ಗಾಳಿಗೆಂದು ಮಾಳಿಗೆಯ ಮೇಲೆಯೇ ಕೂರುತ್ತಾನೆ. ಅವನು ಬರುವ ಮೊದಲು, ಮಣಿಕಟ್ಟು ಎಷ್ಟೇ ನೊಂದರೂ ಸರಿ, ಧೋತರಗಳನ್ನೆಲ್ಲ ಒಂದೂ ಉಬ್ಬದಂತೆ ಗಟ್ಟಿಯಾಗಿ ಹಿಂಡಿ ಹಾಕಬೇಕು.