ಕೂತವರನ್ನು ಬಿಟ್ಟು ಹೋಗಬಾರದು

ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ತಳ್ಳುವವರೆಲ್ಲ ಅವಳನ್ನು ಬಂಡಿಯಕ್ಕ ಅಂತಲೇ ಕರೆಯುತ್ತಿದ್ದರು. ಹನ್ನೊಂದು ವರ್ಷದಲ್ಲಿ ಕಾಲು ಮುರಿದವರು, ಸೊಂಟ ಹೋದವರು, ಲಕ್ವ ಹೊಡೆದವರು ಎಲ್ಲರನ್ನೂ ವಿಮಾನದ ಬಾಗಿಲಿಗೆ ಮುಟ್ಟಿಸಿದವಳು. ಕುರ್ಚಿಯಲ್ಲಿ ಕೂತ ಕೂಡಲೇ ಎಂಥವರೂ ಹೆದರುತ್ತಾರೆ. "ಹೆದರ್ಬೇಡಿ, ನಾನಿಲ್ವಾ" ಎನ್ನುವುದು ಅವಳಿಗೆ ಬಾಯಿಪಾಠ.

ಈಗ ಹೆದರಿಕೆ ಅವಳದೇ ಆಗಿತ್ತು. ಇಪ್ಪತ್ತು ದಿನದ ಹಿಂದೆ ಬಾಡಿಗೆ ಮನೆಯ ಮೆಟ್ಟಿಲಲ್ಲಿ ನೀರಿನ ಬಕೆಟ್ ಸಮೇತ ಜಾರಿ ಬಿದ್ದಿದ್ದಳು. ಬಲಮಂಡಿ ಊದಿ ಕುಂಬಳಕಾಯಿಯಾಗಿತ್ತು.

"ರಜಾ ಹಾಕಕ್ಕಾ," ಎಂದಳು ಮಂಡಿಗೆ ಬಟ್ಟೆ ಸುತ್ತುತ್ತಿದ್ದ ತಂಗಿ.

"ಹಾಕಿದ್ರೆ ಅದೇ ಕೊನೇ ರಜಾ ಕಣೇ. ಆಮೇಲೆ ನನ್ ಮಗಳ ಓದು ನೀನು ನೋಡ್ಕೋತೀಯಾ?"

ಸುಳ್ಳಲ್ಲ. ಸೊಂಟ ಹಿಡಿದುಕೊಂಡು ರಜೆ ಕೇಳಿದ ಇಬ್ಬರನ್ನು ಗುತ್ತಿಗೆದಾರ ಹೋದ ತಿಂಗಳಷ್ಟೇ ಗೇಟಿನಿಂದಾಚೆ ದಬ್ಬಿದ್ದ. ಕುಂಟುವವರನ್ನು ಮುಟ್ಟಿಸುವ ಕೆಲಸದಲ್ಲಿ ಕುಂಟುವವರಿಗೆ ಜಾಗವಿರಲಿಲ್ಲ.

ಅವಳಿಗೊಂದು ಉಪಾಯ ಸಿಕ್ಕಿತ್ತು. ಕುರ್ಚಿಯ ಹಿಡಿಗಳ ಮೇಲೆ ಭಾರ ಹಾಕಿ ನಡೆದರೆ ಕುಂಟು ಕಾಣುತ್ತಿರಲಿಲ್ಲ. ಖಾಲಿ ಕುರ್ಚಿಯಾದರೂ ಸರಿ, ಕೈಯಲ್ಲಿರಬೇಕು. ಚಹಾಕ್ಕೆ ಹೋಗುವಾಗಲೂ ತಳ್ಳಿಕೊಂಡೇ ಹೋಗುತ್ತಿದ್ದಳು.

"ಏನಕ್ಕಾ, ಇದನ್ನೇ ಕಟ್ಕೊಂಡ್ಬಿಟ್ಯಾ?" ಎಂದು ಜೊತೆಯವರು ಛೇಡಿಸುತ್ತಿದ್ದರು.

"ಹೂಂ ಕಣ್ರೋ, ಎದುರು ಮಾತಾಡಲ್ಲ, ಕುಡಿಯಲ್ಲ. ಇನ್ನೇನು ಬೇಕು?"

ನಗುವಾಗಲೂ ಕಣ್ಣು ಸೂಪರ್‌ವೈಸರನನ್ನು ಹುಡುಕುತ್ತಿತ್ತು. ಅವನು ಕಚೇರಿ ಗೋಡೆಗೆ ಒಂದು ಕಾಗದ ಅಂಟಿಸಿದ್ದ: ಕುರ್ಚಿಯಲ್ಲಿ ಕೂತವರನ್ನು ಬಿಟ್ಟು ಹೋಗುವವರು ಕೆಲಸವನ್ನೂ ಬಿಟ್ಟು ಹೋಗತಕ್ಕದ್ದು.

ಆ ದಿನ ಬೆಳಿಗ್ಗೆ ಅವಳ ಪಾಲಿಗೆ ಬಂದವಳು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ನಿವೃತ್ತ ನರ್ಸು. ಅರ್ಧ ದಾರಿಯಲ್ಲಿ ಆಕೆ ತಿರುಗಿಯೂ ನೋಡದೆ ಕೇಳಿದಳು, "ಏನಮ್ಮಾ, ಬಲಗಾಲು ಎಳೀತಿದೆಯಲ್ಲ?"

"ಇಲ್ಲಮ್ಮ, ಚಪ್ಪಲಿ ಸವೆದಿದೆ."

"ಮೂವತ್ತು ವರ್ಷ ವಾರ್ಡಲ್ಲಿ ಕಾಲ್ಸಪ್ಪಳ ಕೇಳಿದೋಳು ನಾನು. ಚಪ್ಪಲಿ ಸಪ್ಪಳ ಬೇರೆ, ಮಂಡಿ ಸಪ್ಪಳ ಬೇರೆ."

ಬಂಡಿಯಕ್ಕನ ಅಂಗೈ ಬೆವೆತು ಹಿಡಿ ಜಾರಿತು. ಯಾರಿಗೂ ಹೇಳಬೇಡಿ ಎಂದು ಕೈಮುಗಿಯಬಹುದಿತ್ತು. ಹಾಗೆಂದರೆ ಒಪ್ಪಿಕೊಂಡಂತೆ ಎಂದು ಬಾಯಿ ಹೊಲಿದುಕೊಂಡಳು. ಅಲ್ಲೇ ಕೆಟ್ಟಿತು.

ವಿಮಾನಕ್ಕೆ ಜೋಡಿಸಿದ್ದ ಇಳಿಜಾರಿನ ಓಣಿ ಮುಗಿದು ಅದರ ಬಾಗಿಲು ಬಂತು. ಅಲ್ಲಿ ಸೂಪರ್‌ವೈಸರ್ ನಿಂತಿದ್ದ. ನರ್ಸಮ್ಮ ಕುರ್ಚಿಯಿಂದೆದ್ದು ವಿಮಾನದವರ ಹೆಗಲು ಹಿಡಿದುಕೊಂಡು, ನಿಜವಾದ ಕನಿಕರದಿಂದ ಹೇಳಿದಳು, "ನೋಡಪ್ಪಾ, ಈ ಹೆಣ್ಮಗಳ ಮಂಡಿ ಹೋಗಿದೆ. ನಾಲ್ಕು ದಿನ ಕೂರ್ಸಿ ಪಾಪ." ಉಪಕಾರ ಮಾಡಿದ ನೆಮ್ಮದಿಯಲ್ಲಿ ಒಳಗೆ ಹೋದಳು.

"ಹೌದಾ ಬಂಡಿಯಕ್ಕ?" ಅವನ ದನಿ ಮೆತ್ತಗಿತ್ತು. ಮೆತ್ತಗಾದಾಗಲೇ ಅವನಿಗೆ ಹೆದರಬೇಕು.

"ಇಲ್ಲ ಸರ್."

"ಹಾಗಾದ್ರೆ ಕುರ್ಚಿ ಬಿಟ್ಟು ಮೇಲಿನವರೆಗೆ ನಡಿ, ನೋಡೋಣ."

ಬರುವಾಗ ಇಳಿಜಾರಾಗಿದ್ದ ಓಣಿ ಈಗ ಏರಾಗಿತ್ತು. ಐದನೆಯ ಹೆಜ್ಜೆಗೆ ಮಂಡಿ ಕೈಕೊಟ್ಟಿತು. ನುಣ್ಣನೆಯ ಗೋಡೆಯಲ್ಲಿ ಹಿಡಿಯಲು ಏನೂ ಇರಲಿಲ್ಲ. ಗೋಡೆ ಸವರಿಕೊಂಡು ಹಿಂದಕ್ಕೆ ಬಂದು ಕುರ್ಚಿಯಲ್ಲಿ ಕುಸಿದಳು. ಹನ್ನೊಂದು ವರ್ಷದಲ್ಲಿ ಅವಳು ಅದರಲ್ಲಿ ಕೂತದ್ದು ಇದೇ ಮೊದಲು.

"ಎದ್ದೇಳು."

"ಆಗಲ್ಲ ಸರ್."

"ಬಿದ್ದಿರು ಹಾಗಾದ್ರೆ," ಎಂದು ಅವನು ಹೊರಟ.

"ಸರ್, ಕೂತವರನ್ನ ಬಿಟ್ಟು ಹೋಗ್ಬಾರ್ದು ಅಂತ ಬರೆಸಿದ್ದು ನೀವೇ." ಸವಾಲು ಹಾಕುವವಳ ದನಿಯಲ್ಲ ಅದು. ಹಲ್ಲು ಕಟಕಟ ಎನ್ನುತ್ತಿತ್ತು.

"ಬಾಗಿಲು ಹಾಕ್ಬೇಕು, ಜಾಗ ಬಿಡ್ರೀ!" ಒಳಗಿನಿಂದ ವಿಮಾನದವರು ಕೂಗಿದರು.

ಬೇರೆ ದಾರಿಯಿರಲಿಲ್ಲ. ಅವನು ತಳ್ಳಿದ. ಕುರ್ಚಿ ಒಂದು ಗೇಣು ಹಿಂದಕ್ಕೆ ಜಾರಿತು. ಅವಳು ಕುರ್ಚಿಯ ಎರಡೂ ತೋಳು ಬಿಗಿ ಹಿಡಿದಳು.

"ಸೊಂಟ ಕೊಟ್ಟು ತಳ್ಳಿ ಸರ್, ಕೈಯಿಂದ ಬರಲ್ಲ."

ಅವನ ಏದುಸಿರು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ತಳ್ಳುವವರ ಮುಖ ಕಾಣದಿದ್ದರೆ ಇಷ್ಟು ಭಯವಾಗುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಮೇಲೆ ತಿರುವಿನಲ್ಲಿ ಎಡಕ್ಕೆ ಡಾಕ್ಟರ ಕೋಣೆ, ಬಲಕ್ಕೆ ಹೊರಗಿನ ಗೇಟು. ಕುರ್ಚಿ ಬಲಕ್ಕೆ ಹೊರಳಿತು. ಅಲ್ಲಿ ಜೊತೆಯವರು ಮೂವರು ಖಾಲಿ ಕುರ್ಚಿಗಳನ್ನು ದಾರಿಗೆ ಅಡ್ಡ ಹಿಡಿದು ನಿಂತಿದ್ದರು.

"ಡಾಕ್ಟರ ಕೋಣೆ ಆ ಕಡೆ ಸರ್," ಎಂದ ಅವರಲ್ಲೊಬ್ಬ. ಕುರ್ಚಿ ಸರಿಸಲಿಲ್ಲ.

ಹಿಂದೆ ಏದುಸಿರು ನಿಂತಿತು. ಬಂಡಿಯಕ್ಕ ತಿರುಗಿ ನೋಡಲಿಲ್ಲ. ಕುರ್ಚಿ ನಿಧಾನವಾಗಿ ಎಡಕ್ಕೆ ತಿರುಗುವವರೆಗೂ ತೋಳು ಬಿಟ್ಟಿರಲಿಲ್ಲ. ತಿರುಗಿದ ಮೇಲೂ ಬಿಡಲಿಲ್ಲ.