ಅವ್ವನ ಮಡಿ ಮತ್ತು ಕಿವಿ ಕೇಳದ ಮರಿ

ಕಿವಿ ಕೇಳದ ನಾಯಿಮರಿಯೊಂದನ್ನು ನಾನು ಎಂಟು ದಿನ ಹೆಸರು ಹಿಡಿದು ಕರೆದಿದ್ದೇನೆ. ರಾಜಾ ಎಂದೆ, ಮೋತಿ ಎಂದೆ, ಪಾಂಡು ಎಂದೆ. ತಿರುಗಿಯೂ ನೋಡಲಿಲ್ಲ. ಹೆಸರು ಅದರ ಮನಸ್ಸಿಗೆ ಬಂದಿಲ್ಲವೆಂದುಕೊಂಡು ಮರುದಿನ ಬೇರೆ ಹೆಸರು ಹುಡುಕುತ್ತಿದ್ದೆ. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವನಿಗೆ ಕರೆದರೂ ತಿರುಗದವರು ಹೊಸಬರಲ್ಲ ನೋಡಿ.

ಸವಣೂರಿನ ನಮ್ಮ ಮನೆಯ ಎದುರಿಗೇ ಖಾದರಸಾಹೇಬರ ವೀಳ್ಯದೆಲೆ ಅಂಗಡಿ. ಅಂಗಡಿಯ ಹಿಂದೆ ಹುಟ್ಟಿದ ಐದು ಮರಿಗಳಲ್ಲಿ ನಾಲ್ಕನ್ನು ಶಿಗ್ಗಾಂವಿಯಿಂದ ಎಲೆ ಒಯ್ಯಲು ಬಂದವರು ಎತ್ತಿಕೊಂಡು ಹೋಗಿದ್ದರು. ಉಳಿದದ್ದು ಈ ಬಿಳಿ ಮರಿ.

"ಮಾಸ್ತರ್ರ, ಹೆಸರು ಬಿಡ್ರಿ, ಅದಕ್ಕ ಕಿವೀನ ಕೇಳಂಗಿಲ್ಲ," ಎಂದರು ಸಾಹೇಬರು. "ಬೆನ್ನಹಿಂದ ಹಾರ್ನ್ ಹೊಡದ್ರೂ ಸರಿಯಂಗಿಲ್ಲ. ರೋಡಿನ್ಯಾಗ ಬಿಟ್ರ ಭಾಳ ದಿನ ಉಳಿಯೂದಿಲ್ರಿ. ನಮ್ಮ ಮನ್ಯಾಗ ನಮಾಜು, ಒಳಗ ಬಿಟ್ಕೊಳ್ಳಾಕ ಆಗಂಗಿಲ್ಲ. ನೀವರ ಒಯ್ಯಿರಿ."

ನಮ್ಮ ಮನೆಯಲ್ಲೇನು ಕಡಿಮೆಯೇ? ಅವ್ವ ಬೆಳಿಗ್ಗೆ ಸ್ನಾನ ಮಾಡಿ ಮಡಿಸೀರೆ ಉಟ್ಟಳೆಂದರೆ ದೇವರ ನೈವೇದ್ಯ ಆಗುವವರೆಗೆ ಅವಳನ್ನು ಯಾರೂ ಮುಟ್ಟುವಂತಿಲ್ಲ. ನಾನು ಅಡ್ಡ ಬಂದರೆ "ದೂರ ಸರಿ" ಎನ್ನುತ್ತಾಳೆ, ಸರಿಯುತ್ತೇನೆ. ಬೇರೆ ನಾಯಿಯಾದರೆ ಅದಕ್ಕೂ ಹಾಗೇ ಅನ್ನಬಹುದಿತ್ತು. ಮಡಿಯ ಮನೆಯಲ್ಲಿ ಬದುಕಲು ಮೊದಲು ಕಿವಿ ಬೇಕು ಎಂಬುದು ನನಗೆ ಹೊಳೆದದ್ದೇ ಆಗ.

ಹಂದಿಯೊಡನೆ ಕಾದಾಡಿ ಸತ್ತ ನಾಯಿಗೆ ಕಲ್ಲು ನಿಲ್ಲಿಸಿ ಶಾಸನ ಬರೆಸಿದ ನಾಡು ನಮ್ಮದು ಎಂದು ಒಂದು ಸಂಜೆ ಅವ್ವನ ಮುಂದೆ ಪೀಠಿಕೆ ಹಾಕಿದೆ.

"ಅದು ಹಂದೀ ಕೂಡ ಕಾದಾಡಿತ್ತು. ನಿನ್ನ ಮರಿ ಏನು ಮಾಡ್ಯದ?" ಎಂದಳು.

ಏನೂ ಮಾಡಿರಲಿಲ್ಲ. ನನ್ನ ಎಡಗಾಲಿನ ಚಪ್ಪಲಿ ಕಡಿದಿತ್ತು, ಅಷ್ಟೇ.

ಹಾನಗಲ್ಲಿನಲ್ಲಿ ಪಶುವೈದ್ಯನಾಗಿರುವ ಗೆಳೆಯನಿಗೆ ಫೋನ್ ಮಾಡಿದೆ. "ಕೈಸನ್ನಿ ಕಲಿಸು, ಕಾಲಿಂದ ನೆಲಾ ಬಡಿ, ತಿಳೀತದ. ಮರೀದೇನೂ ತೊಂದರೆ ಇಲ್ಲ, ತೊಂದರೆ ನಿಂದು," ಎಂದ. ನಿಜವೇ. ರಸ್ತೆಯಲ್ಲಿ ಹಾರ್ನ್ ಕೇಳಿದಾಗಲೆಲ್ಲ ಕಿಟಕಿಯಿಂದ ಇಣುಕಿ, ಮರಿ ಇನ್ನೂ ಇದೆಯೆಂದು ನೋಡಿ, ಮತ್ತೆ ವಿಚಾರಕ್ಕೆ ಕೂಡುತ್ತಿದ್ದೆ. ಹೂಂ ಅನ್ನಲು ಧೈರ್ಯವಿಲ್ಲ, ಉಹೂಂ ಅನ್ನಲು ಮನಸ್ಸಿಲ್ಲ. ಹೀಗೆ ಹದಿನೈದು ದಿನ ಹೋದವು.

ಅಂದು ದ್ವಾದಶಿ. ಏಕಾದಶಿಯ ಉಪವಾಸ ಮುಗಿಸಿ ಊಟ ಮಾಡುವ ಅವಸರ. ಅವ್ವ ಮಡಿಯಲ್ಲಿ ಅಂಗಳದ ತುಳಸಿಗೆ ನೀರು ಹಾಕುತ್ತಿದ್ದಳು. ನಾನು ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದೆ. ಮರಿ ರಸ್ತೆಯ ನಡುವೆ ಎಳೆಬಿಸಿಲಿಗೆ ಮೈಚೆಲ್ಲಿ ಮಲಗಿತ್ತು, ಎಲೆಯ ಗಾಡಿ ಅದರತ್ತ ಹಿಂದಕ್ಕೆ ಬರುತ್ತಿತ್ತು. ಸಾಹೇಬರು ಅಂಗಡಿಯಿಂದ ಮರಿಯನ್ನು ಕೂಗಿದರು. ನಾನು ಕೂತಲ್ಲಿಂದಲೇ ರಾಜಾ, ಮೋತಿ, ಪಾಂಡು ಎಲ್ಲ ಕೂಗಿದೆ. ಕೇಳದ ಮರಿಯನ್ನು ಇಬ್ಬರು ತಿಳಿದವರು ಗಂಟಲು ಹರಿಯುವಂತೆ ಕರೆಯುತ್ತಿದ್ದೆವು.

ಅವ್ವ ಕೂಗಲಿಲ್ಲ. ತಂಬಿಗೆ ಬಿಸಾಕಿ ಓಡಿದವಳೇ ಗಾಡಿಯ ಹಿಂಭಾಗಕ್ಕೆ ಒಂದು ಬಡಿದು ನಿಲ್ಲಿಸಿ, ಮರಿಯನ್ನು ಬಾಚಿ ಎದೆಗೆ ಅವಚಿಕೊಂಡು ಬಂದಳು. ನನಗೆ ನಾಚಿಕೆಯಾಗಿತ್ತು. ಆದರೂ ಬಾಯಿಂದ ಬಂದದ್ದು ಒಂದೇ ಮಾತು.

"ಅವ್ವಾ, ಮಡಿ?"

"ಇನ್ನೊಮ್ಮೆ ನೀರು ಹಾಕ್ಕೊಂಡ್ರ ಮಡಿ ತಿರುಗಿ ಬರ್ತದ," ಎಂದಳು, ಸೆರಗಿನಿಂದ ಮರಿಯ ಮೈಮೇಲಿನ ಧೂಳು ಒರೆಸುತ್ತ. "ನಿಂದಿನ್ನೂ ವಿಚಾರ ನಡದದೇನು? ಮುಗಿದ ಮ್ಯಾಲ ಹೇಳು. ಅಲ್ಲೀತನಕಾ ಇದು ಒಳಗ ಇರ್ಲಿ."

ಇದು ಹೋದ ಶ್ರಾವಣದ ಮಾತು. ವಿಚಾರ ಮುಗಿಯಿತೆಂದು ನಾನಿನ್ನೂ ಹೇಳಿಲ್ಲ. ಅವಳೂ ಕೇಳಿಲ್ಲ.