ಐದು ಈಚಲು, ಒಂದು ಚಿಪ್ಪು ಸುಣ್ಣ

ಆ ದಿನಗಳಲ್ಲಿ ಚಳಿಗಾಲ ಬಂತೆಂದರೆ ನಮಗೆ ರಾಗಿ ರೊಟ್ಟಿಯ ಮೇಲೆ ಈಚಲ ಜೋನಿ. ಈಚಲು ಮರದಿಂದ ಇಳಿಸಿದ ಸಿಹಿ ರಸವನ್ನು ಕಾಯಿಸಿ ಕಾಯಿಸಿ, ಗಟ್ಟಿ ಬೆಲ್ಲವಾಗುವ ಮುಂಚೆಯೇ ಒಲೆಯಿಂದ ಇಳಿಸಿದ ಕಂದು ಪಾಕ ಅದು. ಅದಕ್ಕೆ ಹೊಗೆಯ ವಾಸನೆ ಇತ್ತು ಎಂದು ಬರೆಯಲು ಹೊರಟೆ. ಆದರೆ ಆ ಹೊಗೆ ಜೋನಿಯದೋ ನಮ್ಮ ಅಡುಗೆಮನೆಯದೋ, ಈಗ ಖಚಿತವಾಗಿ ಹೇಳಲಾರೆ.

ನಮ್ಮೂರು ಮಳವಳ್ಳಿ ಕಡೆ, ಪೂರಿಗಾಲಿಗೆ ಹತ್ತಿರ. ಜೋನಿ ಮಾಡುತ್ತಿದ್ದವನು ಚಿಕ್ಕಯ್ಯ ಎಂಬ ರೈತ. ಅವನ ಹೊಲದ ಬದುವಿನಲ್ಲಿ ಐದು ಈಚಲು ಮರಗಳಿದ್ದವು. ಸಂಜೆ ಸೊಂಟಕ್ಕೆ ಹಗ್ಗ ಬಿಗಿದು ಹತ್ತಿ, ಮರದ ಕುತ್ತಿಗೆಯಲ್ಲಿ ಕೆತ್ತಿ ಮಡಕೆ ಕಟ್ಟುತ್ತಿದ್ದ. ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ಬೆಳಗಿನವರೆಗೂ ರಸ ಸಿಹಿಯಾಗಿರುತ್ತದೆ. ಸುಣ್ಣವಿಲ್ಲದಿದ್ದರೆ ಹುಳಿಯೇರಿ ಹೆಂಡವಾಗುತ್ತದೆ.

ಹೆಂಡವಾಗುವಂತಿರಲಿಲ್ಲ. ಆ ವರ್ಷ ಸ್ವಾತಂತ್ರ್ಯ ಚಳವಳಿಯ ಹುಡುಗರು ಸುತ್ತಲ ಹಳ್ಳಿಗಳಲ್ಲಿ ಈಚಲು ಕಡಿಯುತ್ತಿದ್ದರು. ಹೆಂಡ ನಿಂತರೆ ಸರ್ಕಾರದ ವರಮಾನ ನಿಲ್ಲುತ್ತದೆ ಎಂದು. ನಮ್ಮೂರಿನ ಹುಡುಗರಿಗೆ ಮುಂದಾಳು ನನ್ನ ಅಣ್ಣನೇ. ಚಿಕ್ಕಯ್ಯ ಊರ ಮುಂದೆ ಕರ್ಪೂರ ಹಚ್ಚಿ, ಬೆಲ್ಲ ಬಿಟ್ಟು ಬೇರೇನೂ ಮಾಡುವುದಿಲ್ಲ ಎಂದು ಆಣೆ ಇಟ್ಟಿದ್ದರಿಂದ ಅವನ ಐದು ಮರ ಉಳಿದಿದ್ದವು. ಒಂದು ಮಡಕೆ ಹುಳಿ ಬಂದರೂ ಐದೂ ಉರುಳುತ್ತವೆ ಎಂದು ಅಣ್ಣ ಹೇಳಿದ್ದ.

ಅಪ್ಪನದು ಎಲೆ, ಅಡಿಕೆ, ಸುಣ್ಣದ ಅಂಗಡಿ. ದಿನಾ ಹೊತ್ತು ಇಳಿಯುವಾಗ ತೆಂಗಿನ ಚಿಪ್ಪಿನ ತುಂಬ ಸುಣ್ಣ ಒಯ್ದು ಚಿಕ್ಕಯ್ಯನಿಗೆ ಕೊಡುವುದು ನನ್ನ ಕೆಲಸ.

"ಬಂದ್ಲು ನೋಡು ಸುಣ್ಣದ್ ಸೌಕಾರ್ತಿ! ದಾರೀಲಿ ಎಷ್ಟ್ ತಿಂದೆ ಕೂಸೆ?"

"ಸುಣ್ಣ ಯಾರಾದ್ರೂ ತಿಂತಾರಾ?"

"ನಿಮ್ಮಪ್ಪ ತಿನ್ನಾಕಿಲ್ವಾ, ಎಲೆ ಜೊತೇಲಿ?"

ಹೀಗೆ ಅಂದು, ಬೆರಳಲ್ಲಿ ಒಂದು ಚೂರು ನಾಲಗೆಗೆ ಇಟ್ಟು, "ಉರೀತದೆ, ಸಂದಾಗದೆ ಸುಣ್ಣ" ಎನ್ನುತ್ತಿದ್ದ.

ಒಂದು ಸಂಜೆ ದಾರಿಯಲ್ಲಿ ಗೆಳತಿಯರ ಕುಂಟೆಬಿಲ್ಲೆ ನಡೆದಿತ್ತು. ಮಣ್ಣಿನ ಮೇಲೆ ಕಡ್ಡಿಯಲ್ಲಿ ಎಳೆದ ಗೆರೆ ಅಳಿಸಿಹೋಗುತ್ತಿತ್ತು. ನನ್ನ ಸುಣ್ಣದಿಂದ ಎಳೆದರೆ ಹೇಗೆ ಎಂದು ಯಾರು ಹೇಳಿದರು? ಬಹಳ ವರ್ಷ ಒಬ್ಬ ಗೆಳತಿಯ ಹೆಸರು ಹೇಳಿಕೊಂಡು ಬಂದೆ. ಯಾರೂ ಹೇಳಿರಲಿಲ್ಲ. ಎಂಟು ಮನೆಯ ಗೆರೆಗಳು ಬೆಳ್ಳಗೆ ಮಿಂಚಿದವು. ಎಲ್ಲರಿಗಿಂತ ಮೊದಲು ನಾನು ಕುಂಟಿದೆ. ಆಟ ಮುಗಿದಾಗ ಚಿಪ್ಪಿನ ತಳ ಕಾಣುತ್ತಿತ್ತು. ಪಕ್ಕದಲ್ಲೇ ಗೋಡೆಗೆ ಬಳಿಯುವ ಬಿಳಿಮಣ್ಣಿನ ಗುಂಡಿ. ನೀರು ಹಾಕಿ ಕಲಸಿ, ಚಿಪ್ಪು ತುಂಬಿಸಿ ಒಯ್ದೆ. ಚಿಕ್ಕಯ್ಯ ಮರದ ಮೇಲಿದ್ದ.

"ಅಲ್ಲೇ ಬುಡದಲ್ಲಿ ಇಟ್ಟೋಗವ್ವ, ಕತ್ತಲಾಯ್ತದೆ" ಎಂದ. ಇಟ್ಟು ಓಡಿದೆ.

ನಾನು ಮಕ್ಕಳಿಗೆ ಹೇಳುತ್ತಿದ್ದ ಕಥೆಯಲ್ಲಿ ಆ ರಾತ್ರಿ ಮಳೆ ಬಂದು ಮಡಕೆಗಳ ಸುಣ್ಣ ತೊಳೆದುಹೋಗುತ್ತದೆ. ಪುಷ್ಯ ಮಾಸದಲ್ಲಿ ಮಳವಳ್ಳಿ ಕಡೆ ಎಲ್ಲಿಯ ಮಳೆ! ಅದನ್ನು ಸುರಿಸಿದವಳು ನಾನು.

ಬೆಳಿಗ್ಗೆ ಐದೂ ಮಡಕೆಗಳಲ್ಲಿ ನೊರೆ ಎದ್ದಿತ್ತು. ವಾಸನೆ ಬದುವಿನಿಂದ ದಾರಿಯವರೆಗೂ ಬಂದಿತ್ತು. ಅಣ್ಣ ಹುಡುಗರ ಜೊತೆ ಕೊಡಲಿ ತಂದ. ಹಿಂದೆಯೇ ನಾನೂ ಬಂದಿದ್ದೆ.

"ಏನಯ್ಯಾ ಚಿಕ್ಕಯ್ಯ, ಇದೇನಾ ನಿನ್ನ ಬೆಲ್ಲ?"

"ಆಣೆ ಮಾಡವ್ನೆ ಕಣಪ್ಪ, ಸುಳ್ಳೇಳೋನಲ್ಲ ಇವ್ನು!" ಎಂದು ಚಿಕ್ಕಯ್ಯನ ಹೆಂಡತಿ ಕಾಳಮ್ಮ ಅಡ್ಡ ನಿಂತಳು. "ಸುಣ್ಣ ತಂದೋಳ್ನ ಕೇಳು, ನಿನ್ ತಂಗೀನೇ ಅಲ್ವಾ?"

ಅಣ್ಣ ನನ್ನ ಕಡೆ ತಿರುಗಿದ. "ಲೇ ಪುಟ್ಟಿ, ಸುಣ್ಣ ಕೊಟ್ಟಿದ್ದಾ?"

"ದಿನಾ ಕೊಟ್ಟಂಗೇ ಕೊಟ್ಟೆ ಕಣಣ್ಣ."

ಚಿಕ್ಕಯ್ಯ ಬಗ್ಗಿ ಮರದ ಬುಡದಲ್ಲಿದ್ದ ಚಿಪ್ಪು ಎತ್ತಿಕೊಂಡ. ತಳದಲ್ಲಿ ಉಳಿದಿದ್ದ ಬಿಳಿಯನ್ನು ಬೆರಳಲ್ಲಿ ತೆಗೆದು ನಾಲಗೆಗೆ ಇಟ್ಟ. ಅದು ಉರಿಯಲಿಲ್ಲ. ನನ್ನನ್ನು ನೋಡಿದ. ಕೋಪವಿತ್ತು ಎಂದು ಬರೆದರೆ ನನಗೆ ಹಗುರ. ಕೋಪವಿರಲಿಲ್ಲ.

"ಇನ್ನೇನೇಳ್ತೀಯ?" ಎಂದ ಅಣ್ಣ.

"ನಾನೇ ತೆಳ್ಳಗೆ ಬಳ್ದೆ ಕಣಪ್ಪ. ತೆಪ್ಪು ನಂದೇ."

ಕಾಳಮ್ಮ ಬಾಯಿ ತೆರೆದಳು. "ಸುಮ್ಕಿರಮ್ಮಿ, ಕೂಸ್ನ ಯಾಕೆ ಎಳೀತೀಯ" ಎಂದು ಚಿಕ್ಕಯ್ಯ ಅವಳನ್ನು ತಡೆದ. ಆಮೇಲೆ ಕಾಲುವೆಗೆ ಇಳಿದು ಚಿಪ್ಪನ್ನು ಮರಳು ಹಾಕಿ ತಿಕ್ಕಿ ತೊಳೆದು ನನ್ನ ಕೈಗೆ ಕೊಟ್ಟ. "ನಿಮ್ಮಪ್ಪುಂಗೆ ಕೊಡವ್ವ." ಹಿಂದೆ ಕೊಡಲಿಯ ಮೊದಲ ಏಟು ಬಿತ್ತು. ನಾನು ಆಗಲೂ ಹೇಳಬಹುದಿತ್ತು. ಐದನೆಯ ಮರದವರೆಗೂ ಹೇಳಬಹುದಿತ್ತು.

ಬೇಸಗೆಯ ಹೊತ್ತಿಗೆ ಚಿಕ್ಕಯ್ಯ, ಕಾಳಮ್ಮ ಕೂಲಿಗೆ ಊರು ಬಿಟ್ಟರು. ಈಗ ಆ ಬದುವಿನ ಎರಡೂ ಕಡೆ ಕಬ್ಬು. ಬೆಲ್ಲಕ್ಕೆ ಬರವಿಲ್ಲ. ಈಚಲ ಜೋನಿ ಎಂದರೆ ನಮ್ಮೂರಿನಲ್ಲೇ ಯಾರಿಗೂ ತಿಳಿಯುವುದಿಲ್ಲ. ಅಣ್ಣ ಕೊನೆಯವರೆಗೂ ಆ ಬೆಳಗನ್ನು ಹೆಮ್ಮೆಯಿಂದ ಹೇಳುತ್ತಿದ್ದ. ಅವನ ಲೆಕ್ಕದಲ್ಲಿ ಮರಗಳು ಹತ್ತಾಗಿದ್ದವು. ಪಕ್ಕದಲ್ಲಿ ಕುಳಿತು ನಾನೂ ಹೂಂ ಎನ್ನುತ್ತಿದ್ದೆ.

ಮಳೆ ಸುರಿಸಬಲ್ಲ ನನ್ನ ನೆನಪಿಗೆ ಒಂದನ್ನು ಮಾತ್ರ ತಿದ್ದಲು ಆಗಿಲ್ಲ. ಉರುಳಿದ ಮರದ ತಲೆ ಸೀಳಿ ಹುಡುಗರು ಒಳಗಿನ ಬಿಳಿ ತಿರುಳನ್ನು ಹಂಚಿದರು. ಅಣ್ಣ ಮೊದಲ ಚೂರು ನನಗೇ ಕೊಟ್ಟ. ತಣ್ಣಗಿತ್ತು, ಸಿಹಿಯಾಗಿತ್ತು. ತೊಳೆದ ಚಿಪ್ಪನ್ನು ಕಂಕುಳಲ್ಲಿ ಒತ್ತಿಹಿಡಿದು, ಇನ್ನೊಂದು ಚೂರಿಗೆ ಕೈ ಚಾಚಿದೆ.